ಮುಚ್ಚಳದ ಮೇಲೆ ಬರೆದ ಹೊತ್ತು

ಶಟರ್ ಎಳೆಯುವ ಹೊತ್ತಿಗೆ ಹನ್ನೆರಡೂವರೆ.
ನಿಶ್ಚಿತಾರ್ಥದ ಪಾರ್ಟಿಯವರು
ಒಂದು ಮೂಲೆ ಮಾತ್ರ ಕೆದಕಿ ಎದ್ದುಹೋದ ಮಂದಿ ಅನ್ನ
ಹರಿವಾಣದಲ್ಲಿ ಇನ್ನೂ ಗುಡ್ಡೆಯಾಗಿಯೇ ಕೂತಿದೆ.
ಎಸೆಯಬೇಕು ಎನ್ನುವುದು ಮನಾಮದ ಕಾನೂನು.
ಒಯ್ಯಿ ಎನ್ನುವುದು
ಗಲ್ಲೆಯ ಕಡೆ ತಿರುಗಿದ ಮಾಲೀಕನ ಬೆನ್ನು.

ಜ್ವರದ ಮಗುವಿನ ಹಣೆ ನೋಡುವ ಹಾಗೆ
ಕೈಯ ಹಿಂಬದಿಯಿಂದ ಮುಟ್ಟುತ್ತೇನೆ.
ಸುಡುವುದಿಲ್ಲ, ತಣ್ಣಗೂ ಇಲ್ಲ.
ಈ ಉಗುರುಬೆಚ್ಚಗೆಯೇ ಕೆಟ್ಟದ್ದು ಮಾರಾಯ್ರೆ.

ಊರಲ್ಲಿ ನಮಗೊಂದು ಮೂಗಿತ್ತು.
ಅಜ್ಜಿ ಮಡಕೆಯ ಬಾಯಿಗೆ ಬಗ್ಗಿ ಒಮ್ಮೆ ಉಸಿರೆಳೆದರೆ
ತೀರ್ಪು ಆಯಿತು, ಬಟ್ಟಲಿಗೋ ಕಲಗಚ್ಚಿಗೋ ಎಂದು.
ಇಲ್ಲಿ ಏಲಕ್ಕಿ, ಕೇಸರಿ, ಒಣನಿಂಬೆ, ಇದ್ದಿಲ ಹೊಗೆ
ಎಲ್ಲ ಸೇರಿ ಮೂಗಿಗೆ ಲಂಚ ಕೊಟ್ಟಿವೆ.
ಕೆಟ್ಟ ಅನ್ನವೂ ಹಬ್ಬದ ಹಾಗೆ ಘಮಘಮ.

ಹೋದ ಜುಲೈಯಲ್ಲಿ ವಲೇರಿಯನ್ ಹೀಗೆಯೇ ಒಂದು ಡಬ್ಬಿ
ಬೈಕಿನ ಹಿಂದಿನ ಪೆಟ್ಟಿಗೆಯಲ್ಲಿಟ್ಟು ಮರೆತ.
ಡೆಲಿವರಿ ಮುಗಿಸಿ ಬಂದಾಗ ನಸುಕು.
"ಚೆನ್ನಾಗಿ ಕಾಯಿಸಿದರೆ ಯಾವ ಹುಳ ಬದುಕುತ್ತದೆ?" ಅಂದ.
ಕಾಯಿಸಿದ. ಮಾವಿನ ಉಪ್ಪಿನಕಾಯಿ ನೆಂಚಿಕೊಂಡು ಉಂಡ.
ನನಗೂ ಒಂದು ತುತ್ತು ಚಾಚಿದ.
ಬೇಡವೆಂದದ್ದು ಬುದ್ಧಿಯಿಂದಲ್ಲ,
ನಿದ್ದೆ ಬರುತ್ತಿತ್ತು.

ಹುಳ ಸಾಯುತ್ತದಂತೆ.
ಅದು ಅನ್ನದಲ್ಲಿ ಬಿಟ್ಟುಹೋದ ವಿಷ ಬೆಂಕಿಗೆ ಬಗ್ಗುವುದಿಲ್ಲವಂತೆ.
ಡ್ರಿಪ್ ಚುಚ್ಚುತ್ತ ಮಲಯಾಳಿ ನರ್ಸ್ ಹೇಳಿದ್ದು.
ವಲೇರಿಯನ್ ಎರಡು ವಾಂತಿಯ ನಡುವೆ ಕೇಳಿದ:
"ಇವತ್ತಿನ ಹಾಜರಿ ಹೋಯಿತಲ್ಲವಾ?"

ಅಂದಿನಿಂದ ನನ್ನ ಜೇಬಲ್ಲಿ ಕಪ್ಪು ಮಾರ್ಕರ್.
ಗುಡ್ಡೆ ಒಡೆದು ಚಪ್ಪಟೆ ಡಬ್ಬಿಗಳಲ್ಲಿ ತೆಳ್ಳಗೆ ಹರಡುತ್ತೇನೆ,
ಮುಚ್ಚಳದ ಮೇಲೆ ಹೊತ್ತು ಬರೆಯುತ್ತೇನೆ.
ಚಳಿಗಾಲಕ್ಕೆ ಎರಡು ಗಂಟೆ ವಾಯಿದೆ, ಈ ಸೆಕೆಗೆ ಒಂದೇ.
ಕೋಣೆಯಲ್ಲಿ ಎಂಟು ಮಂದಿಗೆ ಒಂದು ಮಂದಿ, ಒಂದು ಫ್ರಿಜ್ಜು.
ಅದರ ಬಾಗಿಲ ರಬ್ಬರು ಸಡಿಲ,
ನೀರಿನ ಕ್ಯಾನು ಒರಗಿಸಿ ನಿಲ್ಲಿಸಿದ್ದೇವೆ.

ಇದಿನಬ್ಬನಿಗೆ ನಾನೀಗ 'ಗಡಿಯಾರ'.
ಅಫಜಲಪುರದ ಮೈಲಾರಿ ಮಂಚದಿಂದಲೇ ಹೇಳುತ್ತಾನೆ:
"ತಂಗಳಾ ತಿಂದೇ ಬೆಳದೀವಿ, ನಮಗೇನ ಆಗ್ತದ?"

ತಂಗಳಿಗೆ ಮಜ್ಜಿಗೆ ಇತ್ತು, ಮಣ್ಣಿನ ಮಡಕೆ ಇತ್ತು ಮೈಲಾರಿ,
ಅದು ರಾತ್ರಿ ತಂಗಿದ್ದು ಮನೆಯಲ್ಲಿ.
ಇದು ತಂಗಿದ್ದೆಲ್ಲಿ ಹೇಳು, ಪಾರ್ಕಿಂಗಿನಲ್ಲಿ.

"ಹಂಗಾರ ನನ್ನ ನೆತ್ತಿ ಮ್ಯಾಲೂ ಒಂದ್ ತಾರೀಖ ಬರಿ.
ಹನ್ನೊಂದ ವರ್ಷ ಆತು ತಂಗಿ."
ನಗುತ್ತಾನೆ. ನಾವೂ ನಗುತ್ತೇವೆ.
ಲೈಟು ಆರಿಸುವವರು ಯಾರೂ ಏಳುವುದಿಲ್ಲ.

ಇವತ್ತಿನದು ಒಂಬತ್ತಕ್ಕೆ ಬಡಿಸಿದ್ದು.
ಮೂರೂವರೆ ಗಂಟೆ. ಮಾರ್ಕರಿಗೆ ಕೆಲಸವಿಲ್ಲ.
ಹಿಂದಿನ ಗಲ್ಲಿಯ ಕಸದ ತೊಟ್ಟಿಗೆ ಹರಿವಾಣ ಬಗ್ಗಿಸುವಾಗ
ಕೈ ತಡೆಯುತ್ತದೆ, ಯಾರೋ ಮಣಿಕಟ್ಟು ಹಿಡಿದ ಹಾಗೆ.
ಕುರಿಯ ತೊಡೆಯೊಂದು ಇಡಿಯಾಗಿ ಜಾರಿತು.
ಬೆಕ್ಕು ಬಂದು ಮೂಸಿತು, ತುಸು ಯೋಚಿಸಿತು.
ತಿಂದಿತೋ ಇಲ್ಲವೋ ನಾನು ನಿಂತು ನೋಡಲಿಲ್ಲ.

"ಏನು ತಂದಿ?" ಕತ್ತಲಲ್ಲಿ ವಲೇರಿಯನ್.
ಖುಬ್ಬೂಸು. ನಾಲ್ಕು ಮೊಟ್ಟೆ.
ಅವನು ಗೋಡೆಗೆ ಮಗ್ಗುಲಾದ.

ಎರಡು ಸಲ ಸೋಪು ಹಾಕಿ ತೊಳೆದರೂ
ಬೆರಳಿನಲ್ಲಿ ಕೇಸರಿ.
ದಿಂಬಿನ ಕೆಳಗೆ ಕೈ ಇಟ್ಟುಕೊಂಡು ಮಲಗಿದೆ.