ತಪ್ಪು ಜೋಡಿ

ಹುಬ್ಬಳ್ಳಿ ಟೇಸನ್ನಿನ ಉದ್ದ ಪ್ಲಾಟ್‌ಫಾರ್ಮು
ಒಂದು ಚಿತ್ರದೊಳಗೆ ಹಿಡಿಯುವುದಿಲ್ಲ.
ಹತ್ತು ಹೆಜ್ಜೆಗೊಂದು ಫೋಟೊ ಹೊಡೆದೆ,
ಮುಂಜಾನೆಯ ಪ್ಯಾಸೆಂಜರು ಹೋದ ಮೇಲೆ,
ಬಿಸಿಲು ತಗಡಿಗೇರುವ ಮೊದಲು.
ಇನ್ನೂರಾ ಹನ್ನೊಂದು ತುಂಡು.
ವಿದ್ಯಾನಗರದ ಲ್ಯಾಬಿನಲ್ಲಿ ಕೂತು
ಕೌದಿಯ ಹಾಗೆ ಹೊಲಿಯಬೇಕು.

ಯಂತ್ರಕ್ಕೆ ನುಣುಪು ಸೇರುವುದಿಲ್ಲ.
ಮೂಲೆ ಬೇಕು, ಒಡಕು ಬೇಕು,
ಬೆಳಕು ಥಟ್ಟನೆ ಹೊರಳುವ ಜಾಗ ಬೇಕು.
ಸಿಕ್ಕಲ್ಲಿ ಒಂದು ಬೊಟ್ಟಿಡುತ್ತದೆ,
ಪಕ್ಕದ ಚಿತ್ರದಲ್ಲಿ ಅದರ ಜೋಡಿ ಹುಡುಕಿ
ಹಸಿರು ಗೆರೆ ಎಳೆಯುತ್ತದೆ.

ಕಂಬಗಳೋ ಒಂದೇ ಅಚ್ಚಿನವು:
ಅದೇ ಹಳದಿ ಪಟ್ಟಿ, ಅವೇ ನಾಲ್ಕು ಬೋಲ್ಟು.
ನಲವತ್ತನೆಯದನ್ನು ಹನ್ನೆರಡನೆಯದೆಂದು ತಿಳಿದು
ನಡುವಿನದನ್ನೆಲ್ಲ ನುಂಗಿಬಿಟ್ಟಿತು.
ಒಂದೂವರೆ ಕಿಲೋಮೀಟರು
ಕುಂದಗೋಳದ ಟೇಸನ್ನಿನಷ್ಟಾಗಿ ಕೂತಿತು.

ದಾರಿ ತೋರಿದ್ದು ಚಂದದ ವಸ್ತುವಲ್ಲ.
ಯಾರೋ ಉಗುಳಿದ ಎಲೆಯಡಿಕೆಯ ಕಲೆ,
ಅರ್ಧ ಹರಿದ ಟ್ಯೂಷನ್ ಚೀಟಿ,
ಬೆಂಚಿನ ಮೇಲೆ ಮೊಳೆಯಿಂದ ಕೊರೆದ
‘ಶಂಕ್ರಿ’,
ಮುಂದಿನ ಹೆಸರು ಉಜ್ಜಿ ಹಾಕಿದ್ದು.

ಅಷ್ಟಾದರೂ ಎಲ್ಲಕ್ಕಿಂತ ಗಟ್ಟಿ ಜೋಡಿ,
ತೊಂಬತ್ತಾರು ಬೊಟ್ಟಿನದು,
ಒಂದು ಕೆಂಪು ಅಂಗಿ.
ಹಮಾಲ ಗೂಳಪ್ಪ.
‘ಏನ ಮಾಡಾಕತ್ತೀರಿ ಅಕ್ಕಾರ?’ ಎನ್ನುತ್ತ
ನನ್ನ ಮುಂದೆ ಮುಂದೆ ನಡೆದವನು,
ಚಿತ್ರದಿಂದ ಚಿತ್ರಕ್ಕೆ.
ತೋಳಿನ ಹಿತ್ತಾಳೆ ಬಿಲ್ಲೆ, ಹಣೆಯ ಮೂರೆಳೆ ವಿಭೂತಿ,
ಹೊಲಿಗೆ ಬಿಟ್ಟ ಕಿಸೆ:
ಎಲ್ಲಾ ಮೂಲೆ, ಎಲ್ಲಾ ಒಡಕು.
ಯಂತ್ರ ಅವನನ್ನೇ ನಂಬಿತು.
ಗೂಳಪ್ಪ ನಿಂತಿದ್ದಾನೆ,
ಹುಬ್ಬಳ್ಳಿಯೇ ಹಿಂದಕ್ಕೆ ಓಡುತ್ತಿದೆ ಎಂದಿತು.

ಒಂದು ಗಳಿಗೆ ನನಗೂ ಹಾಗೇ ಕಂಡಿತು.

ಆಮೇಲೆ ಕೈ ಎತ್ತಿಸುವ ಸುತ್ತು.
ಕಣ್ಣು ಮುಚ್ಚಿ ನಾಲ್ಕು ಬೊಟ್ಟು ಆರಿಸಿ
ಒಂದು ಊಹೆ ಕಟ್ಟಿ
ಉಳಿದವರನ್ನು ಕೇಳುತ್ತದೆ: ಒಪ್ಪಿಗೆಯೇ?
ಸಾವಿರ ಸಲ ಕಟ್ಟುತ್ತದೆ, ಸಾವಿರ ಸಲ ಕೇಳುತ್ತದೆ.
ನೆಲದ ಫರಸಿ, ತಗಡು, ಕಲೆ, ಶಂಕ್ರಿ
ಎಲ್ಲ ಒಂದು ಕಡೆ.
ಗೂಳಪ್ಪ ಒಬ್ಬನೇ.
ತೊಂಬತ್ತಾರು ಗೆರೆ ಒಮ್ಮೆಲೇ ಅಳಿದವು.
ಪ್ಲಾಟ್‌ಫಾರ್ಮು ಮೈಮುರಿದು ತನ್ನ ಉದ್ದಕ್ಕೆ ಚಾಚಿತು.

ಹನ್ನೊಂದು ಮೊಳದ ಕಾಗದ ಟೇಸನ್ನಿಗೆ ಒಯ್ದು ಹಾಸಿದೆ.
ಗೂಳಪ್ಪ ಈ ತುದಿಯಿಂದ ಆ ತುದಿಗೆ
ಬಗ್ಗಿಕೊಂಡೇ ನಡೆದ.
‘ಎಲ್ಲಾ ಐತಿ. ನಾ ಎಲ್ಲಿ?’

ಲೆಕ್ಕ ಹೇಳಲು ಬಾಯಿ ತೆರೆದೆ, ಹೊರಡಲಿಲ್ಲ.
ಇಬ್ಬರೂ ಮಂಡಿಯೂರಿ ಹುಡುಕಿದೆವು.
ನಲವತ್ತನೆಯ ಕಂಬದ ಬಳಿ
ಹೊಲಿಗೆ ತುಸು ತಪ್ಪಿದ ಕಡೆ
ಮೊಣಕೈಯವರೆಗೆ ಒಂದು ತೋಳು,
ಬಿಲ್ಲೆ ಕಟ್ಟಿದ್ದು,
ಗಾಳಿಯಲ್ಲಿ, ಯಾರದೂ ಅಲ್ಲದ ಹಾಗೆ.

‘ಸಾಕ ಬಿಡ್ರಿ,’ ಅಂದ, ‘ಹೊರೂ ಕೈ ಇದ.’

ಇಡೀ ಪ್ಲಾಟ್‌ಫಾರ್ಮನ್ನು ಸುರುಳಿ ಸುತ್ತಿ
ತಲೆಯ ಮೇಲಿಟ್ಟುಕೊಂಡು
ಗೇಟಿನ ತನಕ ತಂದ.
ಇಪ್ಪತ್ತು ರೂಪಾಯಿ ಕೇಳಿದ.
ಕೊಟ್ಟೆ.