ಅಸಲು

ದಾವಣಗೆರೆ, ಮಂಡಕ್ಕಿ ಭಟ್ಟಿಯ ಮೂರನೇ ಅಡ್ಡರಸ್ತೆ.
ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಶನ್.
ಒಳಗೆ ನಾನು, ಒಂದು ಫ್ಯಾನು,
ಹೊಟ್ಟಿನ ಮಸಿ ಕೂತ ಕ್ಯಾಲೆಂಡರು.
ಕಾಗದ ಬಿಸಿಬಿಸಿ ಹೊರಬೀಳುತ್ತದೆ,
ಎದುರಿನ ಬಾಣಲೆಯಿಂದ ಮಂಡಕ್ಕಿ ಬಂದ ಹಾಗೆ.
ಒಂದಕ್ಕೆ ಎರಡು ರೂಪಾಯಿ.

ಆ ವಾರ ಮೈಕು ಕಟ್ಟಿದ ಆಟೊ ಹೋಯಿತು:
ಬಾಡಿಗೆಯವರ ದಾಖಲೆ ಕೊಡದ ಮನೆಯೊಡೆಯರೂ
ತಪ್ಪಿತಸ್ಥರು.
ಸಂಜೆಯೊಳಗೆ ನನ್ನ ಕಟ್ಟೆಯ ಮುಂದೆ ಎರಡು ಸಾಲು.

ಎರಡು ಸಾಲು ಮಾಡಿ ಅಂತ ಯಾರೂ ಹೇಳಿರಲಿಲ್ಲ.
ಈಚೆಯವರು ಬೇಕಂತಲೇ ಜೋರಾಗಿ ಮಾತಾಡಿದರು,
ಆಚೆಯವರು ತುಟಿ ಬಿಚ್ಚಲಿಲ್ಲ,
ಬಾಯಿ ಬಿಟ್ಟರೆ ಊರು ಗೊತ್ತಾಗುತ್ತದಲ್ಲ.

ದಿಲ್ಶಾದ್‌ಬಿ, ಹೋದ ರಂಜಾನಿಗೆ
ಅವರ ಕೂಸಿಗೆ ಸುರಕುಂಬಾ ಕುಡಿಸಿದವಳು,
"ಖಾಲಿ ಮಾಡ್ರಿ ಅಂದೀನಿ. ನನಗೂ ನಾಕು ಮಕ್ಕಳದಾವೆ.
ನಾಳೆ ಅವರ ಜತಿಗೆ ನಮ್ಮನ್ನೂ ಕೇಳಿದ್ರೆ?"
ತನ್ನ ಕಾಗದವನ್ನು ಐದು ಪ್ರತಿ ತೆಗೆಸಿದಳು.

ನಮ್ಮ ಮಾವ ರಾಯದುರ್ಗದಿಂದ ಮಿಲ್ಲಿಗೆ ಬಂದಾಗ
ಒಂದು ಟ್ರಂಕು, ಬಾಯಿತುಂಬ ತೆಲುಗು.
ಗೇಟಿನಲ್ಲಿ ಯಾರೂ "ತೋರಿಸು" ಅನ್ನಲಿಲ್ಲ,
"ಸೈರನ್ ಆಗ್ತದೆ, ಒಳಗ ನಡಿ" ಅಂದರಂತೆ.
ಅತ್ತೆ ರೇಷನ್ ಕಾರ್ಡಿನಲ್ಲಿ ಹನುಮಕ್ಕ,
ಪಿಂಚಣಿಯಲ್ಲಿ ಅನುಮಕ್ಕ.
ಗುಮಾಸ್ತ ನಕ್ಕು ಸೀಲು ಒತ್ತಿದ.

ರೊಹಿಮಾಳ ಮಗಳ ಹೆಸರಿನಲ್ಲೂ ಒಂದೇ ಅಕ್ಷರ ಬೇರೆ.
ಯಾರೂ ನಗಲಿಲ್ಲ.

ಈಗ ನನ್ನ ಮಾತು.
ಪೇದೆ ಬಂದಿದ್ದ, ಪರಿಚಯದವನೇ.
"ಅಕ್ಕಾರೆ, ಆಚೆ ಸಾಲಿನವರದು
ಒಂದೊಂದು ಹೆಚ್ಚಿಗಿ ತೆಗೆದಿಡ್ರಿ, ಸಾಕು."
ಒಂದು ಇದ್ದಲ್ಲಿ ಎರಡು ಒತ್ತಿದೆ.
ಬೆರಳಿಗೆ ಭಾರವಾಗಲಿಲ್ಲ.
ಹನ್ನೊಂದು ದಿನ.
ಎರಡನೆಯದಕ್ಕೆ ದುಡ್ಡು ತಗೊಳ್ಳಲಿಲ್ಲ,
ಪುಣ್ಯದ ಕೆಲಸ ಮಾಡಿದವಳ ಹಾಗೆ.

ಎದುರು ಭಟ್ಟಿಯಲ್ಲಿ ಮೊಫಿಜುಲ್ ಜರಡಿ ಹಿಡಿಯುತ್ತಿದ್ದ.
ಕಾದ ಮರಳಿನಲ್ಲೇ ಅರಳಬೇಕು ಮಂಡಕ್ಕಿ.
ಜರಡಿ ಆಡಿಸಿದರೆ ಅದು ಮೇಲೆ, ಮರಳು ಕೆಳಗೆ.
"ಮಳ್ಳು ಚೆಲ್ಲಂಗಿಲ್ಲಕ್ಕ, ತಿರುಗಿ ಬಾಣ್ಲಿಗೇ ಹಾಕ್ತಾರೆ,
ಅದಿಲ್ದಿದ್ರೆ ಅಕ್ಕಿ ಸೀದು ಹೋಗ್ತಾವೆ."
ಹೇಳಿದ್ದು ಅವನ ಮಗಳು, ಎರಡನೇ ಕ್ಲಾಸು,
ನಮ್ಮ ಓಣಿಯ ಕನ್ನಡದಲ್ಲೇ.

ಒಂದು ಬೆಳಿಗ್ಗೆ ಕೋಣೆಗೆ ಬೀಗ.
ವ್ಯಾನು ಬಂದಿತ್ತು ಅಂದರು. ಇಲ್ಲ,
ರಾತ್ರಿಯೇ ರೈಲು ಹತ್ತಿದರು ಅಂದರು.
ದಿಲ್ಶಾದ್‌ಬಿ ಅಂಗಳ ಗುಡಿಸುತ್ತಿದ್ದಳು, ಗುಡಿಸಿದ್ದನ್ನೇ.
ಭಟ್ಟಿಯ ಮಾಲೀಕ ಆಳಿಲ್ಲವೆಂದು ಬೈಯುತ್ತಿದ್ದ,
ಯಾರನ್ನು ಬೈಯಬೇಕೋ ತಿಳಿಯದೆ.
ಈಚೆ ಸಾಲಿನವರು ಈಗ ತಮ್ಮತಮ್ಮೊಳಗೇ:
"ನಿಮ್ಮಪ್ಪನ ಟಿ.ಸಿ. ಐತೇನು?"

ಅಂಗಡಿ ತೆರೆದು ಮೆಷಿನ್ನಿನ ಮುಚ್ಚಳ ಎತ್ತಿದೆ.
ಗಾಜಿನ ಮೇಲೆ ಬೋರಲು ಮಲಗಿತ್ತು
ಒಂದು ಜನನ ಪತ್ರ.
ನಕಲು ಎಲ್ಲೆಲ್ಲಿಗೆ ಸೇರಬೇಕೋ ಸೇರಿದೆ,
ಅಸಲು ನನ್ನ ಹತ್ತಿರ.

ಜನ ಮರೆತುಹೋಗುವುದು ಹೊಸದಲ್ಲ.
ಮಾರ್ಕ್ಸ್ ಕಾರ್ಡು, ಪಹಣಿ, ಒಮ್ಮೆ ಮದುವೆಯ ಕರಾರು,
ಓಡಿ ಬೀದಿಗೆ ಬಂದು, ಕೂಗಿ ಕರೆದು ಕೊಟ್ಟಿದ್ದೇನೆ.
ಇವತ್ತೂ ಬೀದಿಗೆ ಬಂದೆ.
ಏನಂತ ಕೂಗಲಿ,
ಕಾಗದದಲ್ಲಿದ್ದ ಹಾಗೋ
ಅವಳು ಹೇಳುತ್ತಿದ್ದ ಹಾಗೋ.