ಹೆರಿಗೆ ವಾರ್ಡಿನ ನಲ್ಲಿ

ಉತ್ತಯ್ಯ ಬಂದಿದ್ದ, ಜೊತೆಗೆ ನಾಲ್ಕು ಹುಡುಗರು,
ಮೂರು ಬೈಕು. ಚಪ್ಪಲಿ ಹೊರಗೇ ಬಿಟ್ಟರು,
ಅಷ್ಟು ಮರ್ಯಾದೆ.
‘ಸಿಸ್ಟರ್, ಪಾಲಿಬೆಟ್ಟ ರಸ್ತೆಯ ಲೈನ್‌ಮನೆಗಳಿಗೆ
ಯಾರೋ ಬಂದು ಹೋಗುತ್ತಾರಂತೆ ಭಾನುವಾರ,
ಗಿಟಾರು ಹಿಡಿದುಕೊಂಡು, ಎಣ್ಣೆ ಶೀಶೆ ಹಿಡಿದುಕೊಂಡು.
ನಿಮಗೆ ಗೊತ್ತಿರಬೇಕಲ್ಲ.’

ಗೊತ್ತಿಲ್ಲ ಎಂದೆ. ಅದು ನಿಜ.
ಅವರು ನಮ್ಮ ಇಗರ್ಜಿಯವರಲ್ಲ. ನನ್ನನ್ನೇ ಒಮ್ಮೆ
ವಿರಾಜಪೇಟೆ ಗಡಿಯಾರ ಕಂಬದ ಬುಡದಲ್ಲಿ ನಿಲ್ಲಿಸಿ
‘ಅಮ್ಮಾ, ನಿಮಗೆ ರಕ್ಷಣೆ ಆಗಿದೆಯಾ?’ ಎಂದಿದ್ದರು.
ಕೊರಳಿನ ಶಿಲುಬೆ ಎತ್ತಿ ತೋರಿಸಿದೆ.
ಅದು ಸಾಲದು ಎಂದರು.

ಕಾಫಿ ಕೊಟ್ಟೆ. ಬೆಲ್ಲದ್ದು, ಅವನಿಗೆ ಅದೇ ಆಗಬೇಕು.
ಪ್ರತಿ ಕೊಯ್ಲಿಗೂ ಒಂದು ಸೇರು ಕರಿಮೆಣಸು ತಂದುಕೊಟ್ಟು
‘ಇವರು ಎತ್ತಿದ ಮಗು ನಾನು’ ಎನ್ನುತ್ತಾನೆ
ಜೊತೆಗಿದ್ದವರ ಕಡೆ ತಿರುಗಿ.

ಎತ್ತಿದ್ದು ಹೌದು.
ಎತ್ತಿದ್ದಷ್ಟೇ ಅಲ್ಲ.

ನಲವತ್ತೊಂದು ವರ್ಷದ ಹಿಂದೆ, ರಾತ್ರಿ ಎರಡೂವರೆ.
ದೇಚಮ್ಮನ ಮಗು ಏಳು ತಿಂಗಳಿಗೇ ಜಾರಿ ಬಂದಿತ್ತು,
ಅಂಗೈ ಅಗಲ, ಬದನೆಕಾಯಿ ಬಣ್ಣ.
ಡಾಕ್ಟರು ಜೀಪು ಕೆಟ್ಟು ಗೋಣಿಕೊಪ್ಪದಲ್ಲಿ.
ಉಸಿರು ಬಂತು, ನಿಂತಿತು, ಬಂತು,
ನಿಂತಿತು.
ಮದರ್ ಕಲಿಸಿದ್ದರು: ಸಾಯುವ ಮಗುವನ್ನು
ಬರಿಗೈಯಲ್ಲಿ ಕಳಿಸಬೇಡಿ.
ನಲ್ಲಿ ತಿರುಗಿಸಿದೆ. ಮೂರು ಹನಿ, ಹಣೆಗೆ.
ಪಿತನ, ಸುತನ... ತುಟಿ ಮಾತ್ರ ಆಡಿತು.
ಹೆಸರೊಂದು ಬೇಕಿತ್ತು. ಆ ಹೊತ್ತಿಗೆ ಸಿಕ್ಕಿದ್ದು
ಸತ್ತ ನನ್ನ ತಮ್ಮನದು: ಬಸ್ತ್ಯಾಂವ್.
ದೇಚಮ್ಮನಿಗೆ ಮಂಪರು. ಕಿಟಕಿಯಾಚೆ ಯಾರದೋ ತೋಟದಲ್ಲಿ
ಆನೆ ಓಡಿಸುವ ಡಬ್ಬಿಯ ಸದ್ದು.

ಮಗು ಸಾಯಲಿಲ್ಲ.

ತೊಡಕು ಅಲ್ಲೇ. ಸತ್ತಿದ್ದರೆ
ಅದು ಬರೀ ಪ್ರೀತಿಯಾಗಿ ಮಣ್ಣು ಸೇರುತ್ತಿತ್ತು.

ಮನೆಗೆ ಒಯ್ದ ದಿನ ಅಜ್ಜ ಅಂಗಳದಲ್ಲಿ ಕೋವಿ ಹಾರಿಸಿದರು,
ಒಂದೇ ಗುಂಡು. ಹರಳುಗಿಡದ ಕಡ್ಡಿ ಬಾಗಿಸಿ
ಬೆರಳುದ್ದದ ಬಿಲ್ಲು ಅವನ ಮುಷ್ಟಿಗೆ ತುರುಕಿದರು.
ನಾನೂ ಹೋಗಿದ್ದೆ, ಬಿಳಿ ಸೀರೆಯಲ್ಲಿ, ಕಡಂಬುಟ್ಟು ತಿಂದೆ.
ಗುಡ್ಡದಿಂದ ಗುಡ್ಡಕ್ಕೆ ಕೇಳಿತು ಆ ಗುಂಡು: ಇವನು ನಮ್ಮವನು.
ನನ್ನ ಮೂರು ಹನಿಗೆ ಸದ್ದೇ ಇರಲಿಲ್ಲ.

ಪಾಪನಿವೇದನೆಯಲ್ಲಿ ಫಾದರಿಗೆ ಹೇಳಿದೆ.
ಜಾಲರಿಯಾಚೆ ಬಹಳ ಹೊತ್ತು ಕೆಮ್ಮಿ
‘ಅದು ಅಳಿಯುವ ಗುರುತಲ್ಲ’ ಎಂದರು.
ರಿಜಿಸ್ಟರಿಗೆ ಬರೆಸಲೇ?
‘ಬೇಡ. ಈಗ ಬೇಡ.’
ಆ ‘ಈಗ’ ಇನ್ನೂ ಮುಗಿದಿಲ್ಲ. ಫಾದರ್ ಮುಗಿದರು.

ಲೋಟ ಕೆಳಗಿಟ್ಟು ಉತ್ತಯ್ಯ ಕೇಳುತ್ತಾನೆ:
‘ನಾವು ಯಾರನ್ನಾದರೂ ಕರೆದಿದ್ದೇವಾ, ಸಿಸ್ಟರ್?
ಬಾ, ನಮ್ಮ ಗುರು ಕಾರೋಣರಿಗೆ ಅಡ್ಡಬೀಳು,
ನಮ್ಮವನಾಗು ಎಂದು, ಒಬ್ಬರನ್ನಾದರೂ?’

ಇಲ್ಲ. ಕರೆದಿಲ್ಲ.
ಅವನ ಲೈನಿನ ಚೂಳಿಯ ಅಜ್ಜಿ ಗುಡಿಸಿದ ಅಂಗಳವನ್ನೇ
ಚೂಳಿ ಗುಡಿಸುತ್ತಾಳೆ. ತೂಕ್‌ಬೊಳಕಿನ ಬೆಳಕು
ಹೊಸ್ತಿಲು ದಾಟಿ ಬಂದಷ್ಟು ಮಾತ್ರ ಅವಳಿಗೆ.
ಕರೆಯದಿರುವುದೇ ದೊಡ್ಡತನ ಎಂದುಕೊಂಡಿದ್ದಾನೆ.
ಇರಬಹುದು.
ಕರೆಯುವ ನಮಗೋ ತಲೆ ಎಣಿಸುವ ಚಟ.
ಚೂಳಿಗೆ ಏನು ಬೇಕೆಂದು ನಾನೂ ಕೇಳಿದವಳಲ್ಲ;
ಕೇಳಿದ್ದರೆ, ಉತ್ತರದ ಜೊತೆ
ಅವಳೂ ಬೇಕು ಎನಿಸುತ್ತಿತ್ತು.

ಗಿಟಾರಿನವರು ಅವಳನ್ನು ಹೆಸರು ಹಿಡಿದು ಕರೆದರಂತೆ,
‘ಅಕ್ಕಾ’ ಎಂದೂ ಸೇರಿಸಿ.
ಇದನ್ನು ಉತ್ತಯ್ಯನಿಗೆ ಹೇಳಲಿಲ್ಲ.

ಅವನು ಎದ್ದ. ಹಣೆಯ ಮೇಲೆ
ಕಣದ ಕಾಫಿಯ ಧೂಳು, ಬೆವರು.
ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ ಪ್ರತಿ ಸಲ,
ಕಳ್ಳಿಯ ಕಣ್ಣು ಹೂತಿಟ್ಟ ಜಾಗಕ್ಕೆ ಹೋದ ಹಾಗೆ.

ಹುಡುಗರು ಬೈಕು ಶುರು ಮಾಡಿದ ಮೇಲೆ
ಒಬ್ಬನೇ ಹಿಂದಿರುಗಿ ಬಂದ, ದನಿ ತಗ್ಗಿಸಿ:
‘ಮಗಳಿಗೆ ನಾಳೆ ಪರೀಕ್ಷೆ.
ನಿಮ್ಮ ದೇವರಿಗೆ ಒಂದು ಮಾತು ಹೇಳಿಬಿಡಿ.’

ರಾತ್ರಿ ಮೊಣಕಾಲೂರಿ ಹೇಳಿದೆ.
ಹುಡುಗಿಯ ಹೆಸರು ಸಲೀಸಾಗಿ ಬಂತು.
ಯಾರ ಮಗಳು ಎನ್ನುವಲ್ಲಿ
ನಾಲಿಗೆ ತಡೆಯಿತು.